ಸಿಕ್ಕ ಮೊದಲ ದಿನ ಏನು ಮಾಡ್ತೀ?

ತಮ್ಮಾ, ತಂಗಿ, ನಾಲ್ಕು ಜನ ಕೂಡಿದರೆ ಸಾಕು, 'ಮಾಯಾಶಕ್ತಿ ಸಿಕ್ಕರೆ ಯಾವುದು ಬೇಕು' ಅಂತ ಆಟ ಹಚ್ಚುತ್ತೀರಿ. ಆಡಿ, ತಪ್ಪಿಲ್ಲ. ನಿಮ್ಮ ಸ್ಪೈಡರ್‌ಮ್ಯಾನ್ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಅಣಿಮಾ, ಲಘಿಮಾ ಎಂದು ಎಂಟು ಸಿದ್ಧಿಗಳನ್ನು ಎಣಿಸಿಟ್ಟಿದ್ದರು. ಆರಿಸುವಾಗ ಮಾತ್ರ ಎಚ್ಚರವಿರಲಿ. ಕೇಳಿದ್ದು ಸಿಗುವುದಿಲ್ಲ, ಕೇಳಿದವರ ಗುಟ್ಟು ಹೊರಬೀಳುತ್ತದೆ.

ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷ ವಜ್ರದಂಥ ದೇಹ ಸಾಧಿಸಿದವನು. ಅಲ್ಲಮ ಕತ್ತಿಯಿಂದ ಹೊಡೆದರೆ ಖಣ್ ಎಂದಿತು, ಕೂದಲೂ ಕೊಂಕಲಿಲ್ಲ. ಅದೇ ಕತ್ತಿಯನ್ನು ಗೋರಕ್ಷ ಬೀಸಿದಾಗ ಅದು ಅಲ್ಲಮನ ಮೈಯೊಳಗೆ ಬಯಲಿನಲ್ಲಿ ಆಡಿದಂತೆ ಹಾದುಹೋಯಿತು. ಗೋರಕ್ಷನ ಸಿದ್ಧಿ ಸುಳ್ಳೇನಲ್ಲ. ಆದರೆ ಅದರ ಬೇರಿನಲ್ಲಿದ್ದದ್ದು ಸಾವಿನ ಅಂಜಿಕೆ ಎಂದೇ ನನ್ನ ಎಣಿಕೆ.

ಯಾರ ಕಣ್ಣಿಗೂ ಕಾಣಬಾರದು ಎನ್ನುವವರು ಬಹಳ. ಪ್ಲೇಟೊ ಹೇಳುವ ಕಥೆಯಲ್ಲಿ ಕುರಿ ಕಾಯುವವನಿಗೆ ಅಂಥದೊಂದು ಉಂಗುರ ಸಿಗುತ್ತದೆ. ಅವನು ನೆಟ್ಟಗೆ ಅರಮನೆಗೆ ಹೋಗಿ ರಾಜನನ್ನು ಕೊಂದು ಗದ್ದುಗೆ ಏರುತ್ತಾನೆ. ಮನೆಯಲ್ಲಿ ಜಗಳ ನಡೆದ ರಾತ್ರಿ ಮೂಲೆ ಸೇರಿದ ಮಗುವೂ ಅದೇ ಶಕ್ತಿ ಕೇಳುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೇ? (ನನ್ನ ವಯಸ್ಸಿನವರಿಗೆ ಮನಸ್ಸು ಓದುವ ಶಕ್ತಿ ಬೇಕು. ದನದ ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಹೇಳುವ ದಲ್ಲಾಳಿಯ ಒಳಗು ತಿಳಿದರೆ ಯಾರಿಗೆ ಬೇಡ!) ಅದಕ್ಕೇ ಶಕ್ತಿಯ ಹೆಸರು ಕೇಳಿ ಸುಮ್ಮನಾಗಬೇಡಿ. 'ಸಿಕ್ಕ ಮೊದಲ ದಿನ ಏನು ಮಾಡ್ತೀಪಾ?' ಅಂತ ಕೇಳಿ. ಗುಣ ತಿಳಿಯುವುದು ಅಲ್ಲಿ.

ನಮ್ಮ ಹೊಳೆಸಾಲಿನಲ್ಲಿ ಹಾರುವ ಆಸೆಗೆ ಕಾರಣವೇ ಬೇರೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕುತ್ತವೆ. ಕಲ್ಲೋಳ–ಯಡೂರ, ಕಾರದಗಾ–ಭೋಜ ಸೇತುವೆಗಳು ನೀರೊಳಗೆ. 2019ರ ಆಗಸ್ಟಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಊರವರು ಗಂಟುಮೂಟೆ ಕಟ್ಟಿಕೊಂಡು ಪರಿಹಾರ ಕೇಂದ್ರ ಸೇರಿದರು. ಅಂಥ ಹೊತ್ತಿನಲ್ಲಿ ಹಾರಬೇಕೆನ್ನುವ ಹುಡುಗಿಗೆ ಬೇಕಾದದ್ದು ಆಚೆ ದಡದ ಕಾಲೇಜು. ಅದೇ ಶಕ್ತಿ ಕೇಳುವ ಹುಡುಗ, 'ಕೊಟಗಿಯೊಳಗ ಉಳದ ಎಮ್ಮಿ ಬಿಚ್ಚಿ ಬರ್ತೇನ್ರಿ' ಅಂದರೆ ಅವನ ಬಗ್ಗೆ ಇನ್ನೇನೂ ವಿಚಾರಿಸಬೇಕಿಲ್ಲ, ಅವನಿಗೆ ಮನೆ ಒಪ್ಪಿಸಿ ಊರಿಗೆ ಹೋಗಬಹುದು.

ನಿಪ್ಪಾಣಿ ಕಡೆಯ ಅದೇ ಭೋಜದಲ್ಲಿ ಸಾತಗೌಡ ಎಂಬ ಗಟ್ಟಿ ಮೈಯ ತರುಣನಿದ್ದ, ಹುಟ್ಟಿದ್ದು 1872ರಲ್ಲಿ. ಜೈನ ಮುನಿಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ದಾಟಿಸುತ್ತಿದ್ದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ಆತನೇ ಆಚಾರ್ಯ ಶಾಂತಿಸಾಗರ ಮಹಾರಾಜರಾದರು. ಆಕಾಶದಲ್ಲಿ ನಡೆಯುವ ಚಾರಣ ಮುನಿಗಳ ಕಥೆಗೆ ಜೈನ ಪುರಾಣಗಳಲ್ಲಿ ಕೊರತೆಯಿಲ್ಲ. ಇದೇ ಹೊಳೆಸಾಲಿನ ಸದಲಗಾದ ಮುನಿ ವಿದ್ಯಾಸಾಗರರು ಮಾತ್ರ 1968ರಲ್ಲಿ ಅಜ್ಮೇರಿನಲ್ಲಿ ದೀಕ್ಷೆ ಪಡೆದ ಮೇಲೆ ವಾಹನ ಹತ್ತದೆ ಬರಿಗಾಲಲ್ಲೇ ದೇಶ ತಿರುಗಿದರು. 2024ರಲ್ಲಿ ಛತ್ತೀಸಗಡದಲ್ಲಿ ದೇಹ ಬಿಟ್ಟರು. ಇಬ್ಬರೂ ನಿಮ್ಮ ಹೊಳೆಯ ನೀರು ಕುಡಿದವರೇ.

ಆದ್ದರಿಂದ ಒಂದು ಕೆಲಸ ಮಾಡಿ. ಬಯಸಿದ ಶಕ್ತಿಯಿಂದ ಮಾಡಬೇಕೆಂದಿರುವ ಮೊದಲ ಕೆಲಸವನ್ನು ಚೀಟಿಯಲ್ಲಿ ಬರೆಯಿರಿ, ಯಾರಿಗೂ ತೋರಿಸಬೇಡಿ. ಓದಿ ನಿಮಗೇ ನಾಚಿಕೆಯಾದರೆ ಹರಿದುಹಾಕಿ ಬೇರೆ ಬರೆಯಿರಿ. ನಾಚಿಕೆಯಾಗದಿದ್ದರೆ, ಅದರಲ್ಲಿ ಎಷ್ಟು ಪಾಲು ನಿಮ್ಮ ಕೈಕಾಲಿನಿಂದಲೇ ಆಗುತ್ತದೆ ನೋಡಿ, ಈ ವಾರವೇ ಶುರುಮಾಡಿ.