ಕುಡಿತದ ಹಿಂದಿನ ಕೊರಗು: ಶಿಕ್ಷಕರ ಪಾತ್ರ

ಆಶಯ: ಖಿನ್ನತೆಯ ಭಾರ ತಾಳಲಾರದೆ ಮದ್ಯದ ಮೊರೆಹೊಕ್ಕ ಪಾಲಕರನ್ನು ನಿಂದಿಸದೆ, ಚಿಕಿತ್ಸೆಯ ಕಡೆಗೆ ನಡೆಸುವ ಬಗೆಯನ್ನು ಅರಿಯುವುದು.

ದಾಬೋಲಿಮ್ ಹಾಗೂ ಜುವಾರಿ ನಗರದ ಪರಿಸರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದು ನೆಲೆಸಿದ ಕುಟುಂಬಗಳು ಅನೇಕ. ಅಂಥ ಮನೆಯ ಬಾಲಕನೊಬ್ಬ ತರಗತಿಯಲ್ಲಿ ತೂಕಡಿಸುತ್ತಾನೆಂದು ಭಾವಿಸೋಣ. ವಿಚಾರಿಸಿದಾಗ, ಕೆಲಸ ತಪ್ಪಿದಂದಿನಿಂದ ತಂದೆ ಯಾರೊಡನೆಯೂ ಮಾತನಾಡುತ್ತಿಲ್ಲ, ಕುಡಿಯದೆ ಮಲಗುತ್ತಿಲ್ಲ ಎಂಬುದು ತಿಳಿಯುತ್ತದೆ.

ಮದ್ಯವು ದುಗುಡವನ್ನು ಕ್ಷಣಕಾಲ ಮರೆಸುತ್ತದೆ. ನಿದ್ರೆ ಬೇಗ ಬಂದರೂ ನಡುರಾತ್ರಿಯಲ್ಲಿ ಎಚ್ಚರವಾಗುತ್ತದೆ. ಬೆಳಗಾದರೆ ಕಳವಳ ಹೆಚ್ಚುತ್ತದೆ. ಸಂಜೆಗೆ ಮತ್ತೆ ಮದ್ಯವೇ ಮದ್ದೆನಿಸುತ್ತದೆ. ಬೈಗುಳವು ಈ ಸುಳಿಯನ್ನು ಮುರಿಯದು. ನಾಚಿಕೆಯನ್ನು ಬೆಳೆಸಿ, ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಸಹಾನುಭೂತಿಯ ಮಾತಿಗೆ ಶಕ್ತಿಯಿದೆಯೆಂಬುದಕ್ಕೆ ಗೋವಾದಲ್ಲಿಯೇ ಆಧಾರವಿದೆ. ಸಂಗಾತ್ ಸಂಸ್ಥೆಯು ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನವೊಂದು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಆಪ್ತಸಲಹೆ ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಹಾನಿಕರವಾಗಿ ಕುಡಿಯುತ್ತಿದ್ದ ಪುರುಷರೊಡನೆ ನಾಲ್ಕು ಬಾರಿಗೆ ಮೀರದಂತೆ ಮಾತುಕತೆ ನಡೆಯಿತು. ಮೂರು ತಿಂಗಳ ಬಳಿಕ ಅವರಲ್ಲಿ ಶೇ. 36ರಷ್ಟು ಮಂದಿ ಆ ಹಂತದಿಂದ ಹೊರಬಂದಿದ್ದರು. ಈ ಮಾತುಕತೆ ದೊರೆಯದ ಗುಂಪಿನಲ್ಲಿ ಹಾಗೆ ಹೊರಬಂದವರು ಶೇ. 26. ಖಿನ್ನತೆಗೂ ಇಂಥದೇ ಆಪ್ತಸಲಹೆ ಫಲಕಾರಿಯೆಂದು ಸಂಸ್ಥೆಯ ಜೊತೆ ಅಧ್ಯಯನವು ತೋರಿಸಿತು.

ಶಿಕ್ಷಕರು ಗಮನಿಸಬೇಕಾದುವು:

1. ಪಾಲಕರು ಅಮಲಿನಲ್ಲಿಲ್ಲದ ಹೊತ್ತಿನಲ್ಲಿ, ಏಕಾಂತದಲ್ಲಿ ಮಾತನಾಡಿರಿ. ಕುಡಿತದಿಂದಲ್ಲ, ಕುಶಲದಿಂದ ಆರಂಭಿಸಿರಿ: “ಅಣ್ಣಾರ, ಈಚೆಗೆ ನಿದ್ದಿ ಸರಿ ಬರ್ತೈತೇನ್ರಿ? ಮನಸ್ಸಿಗೆ ಏನರ ಭಾರ ಆಗೈತೇನ್ರಿ?”

2. ಬದುಕು ಸಾಕೆಂಬ ಮಾತು ಬಂದರೆ ಹಗುರವಾಗಿ ಕಾಣಬೇಡಿರಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದು ತಪ್ಪಲ್ಲ. ಇದೆಯೆಂದರೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

3. ಇಂದೇ ಬಿಡುವೆನೆಂದು ಆಣೆ ಹಾಕಿಸಬೇಡಿರಿ. ದಿನವೂ ಅತಿಯಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಾಪಾಯವೂ ಆಗಬಹುದು. ಬಿಡುವುದು ವೈದ್ಯರ ನಿಗಾದಲ್ಲಿಯೇ ಆಗಬೇಕು.

4. ನೆರವಿನ ದಾರಿ ತೋರಿಸಿರಿ. ಸಮೀಪದಲ್ಲಿ ಚಿಖಲಿಯ ಸರ್ಕಾರಿ ಆಸ್ಪತ್ರೆಯಿದೆ. ಬಾಂಬೋಳಿಯಲ್ಲಿ ಸರ್ಕಾರಿ ಮನೋವೈದ್ಯ ಆಸ್ಪತ್ರೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಮೊದಲ ಸಲ ಜೊತೆಗೆ ಹೋಗುವವರೊಬ್ಬರಿದ್ದರೆ ಹೆಜ್ಜೆ ಸುಲಭವಾಗುತ್ತದೆ.

5. ಮಗುವನ್ನು ತಂದೆಯ ಕಾವಲಿಗೆ ನಿಲ್ಲಿಸಬೇಡಿರಿ. “ಇದು ನಿನ್ನ ತಪ್ಪಲ್ಲ” ಎಂದು ಬಾಯಿಬಿಟ್ಟು ಹೇಳಿರಿ. ಮನೆಯಲ್ಲಿ ಹಿಂಸೆಯಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ.

ಒಮ್ಮೆ ಬಿಟ್ಟವರು ಮತ್ತೆ ಕುಡಿದರೆ ಎಲ್ಲವೂ ವ್ಯರ್ಥವಾಯಿತೆಂದು ತಿಳಿಯಬಾರದು. ಅಕ್ಷರ ತಪ್ಪಿದ ಮಗುವಿಗೆ ನಾವು ಮತ್ತೆ ಬಳಪ ಕೊಡುತ್ತೇವಲ್ಲವೆ? ಆ ತಾಳ್ಮೆ ಇಲ್ಲಿಯೂ ಸಲ್ಲುತ್ತದೆ.

ಚರ್ಚೆಗೆ: ನಿಮ್ಮ ಶಾಲೆಯ ಪಾಲಕರ ಸಭೆಯಲ್ಲಿ, ಯಾರ ಹೆಸರನ್ನೂ ಎತ್ತದೆ, ಈ ವಿಷಯವನ್ನು ಹೇಗೆ ಪ್ರಸ್ತಾಪಿಸುವಿರಿ?