ಭಾವನ ಜತೆ ಸೀಸನ್ ಟಿಕೆಟ್ ಹಂಚಿಕೊಳ್ಳಬೇಡಿ

ನ್ಯೂಯಾರ್ಕ್ ಜೆಟ್ಸ್ ತಂಡದ 2023ರ ಸೀಸನ್ ಬಗ್ಗೆ ಇಲ್ಲಿ ನ್ಯೂಜೆರ್ಸಿಯಲ್ಲಿ ಯಾರನ್ನೇ ಕೇಳಿ, "ಅದಾ, ನಾಲ್ಕನೇ ಸ್ನ್ಯಾಪ್‌ಗೇ ಮುಗಿದುಹೋಯ್ತಲ್ಲ" ಅನ್ನುತ್ತಾರೆ. (ಸ್ನ್ಯಾಪ್ ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದು.) ಟಿವಿಯಲ್ಲಿ ನೋಡಿದವರ ಮಾತು ಅದು. ಟಿಕೆಟ್ಟಿಗೆ ದುಡ್ಡು ಕಟ್ಟಿದವರಿಗೆ ಜನವರಿವರೆಗೂ ಮುಗಿಯಲಿಲ್ಲ. ಹಾಗೆ ಕಟ್ಟಿದವರಲ್ಲಿ ನಾನೊಬ್ಬ. ಕಟ್ಟಿಸಿದವರು ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ಅಮೆರಿಕನ್ ಫುಟ್‌ಬಾಲಿಗೆ ಹೊಸದಾಗಿ ಮರುಳಾಗುತ್ತಿರುವ ಕನ್ನಡದ ಹುಡುಗರನ್ನು ಈಚೆಗೆ ತುಂಬಾ ನೋಡುತ್ತಿದ್ದೇನೆ. ಅವರ ಜೇಬಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ. ಭಾವನ ಕಿವಿಗೂ ಒಂದಿಷ್ಟು ಬಿದ್ದರೆ ಬೇಸರವಿಲ್ಲ.

ಭಾವ ಎಡಿಸನ್‌ನಲ್ಲಿ ಮನೆ ಮಾಡಿದಾಗಿನಿಂದ ಜೆಟ್ಸ್ ಕಡೆಯವರು. ಈ ತಂಡ ಸೂಪರ್ ಬೌಲ್ ಗೆದ್ದದ್ದು ಒಂದೇ ಸಲ. 1969ರ ಜನವರಿ, ಜೋ ನೇಮತ್ ಕಾಲ, ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ 16–7. ಆಗ ಭಾವ ಹುಟ್ಟೇ ಇರಲಿಲ್ಲ. ಪ್ಲೇಆಫ್ ಮುಖ ಕಂಡದ್ದು 2010ರ ಸೀಸನ್ನಿಗೇ ಕೊನೆ. ಇದನ್ನೆಲ್ಲ ಹೇಳಿದರೆ ಊರಲ್ಲಿರುವ ನನ್ನ ತಮ್ಮ, "ನಮ್ಮ ಆರ್‌ಸಿಬಿ ಥರಾನೇ" ಅಂದ. ಆರ್‌ಸಿಬಿ ಫೈನಲ್ಲಿಗಾದರೂ ಹೋಗುತ್ತಿತ್ತಪ್ಪಾ ಅಂದೆ.

2023ರ ಏಪ್ರಿಲಿನಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನಿಂದ ಆರನ್ ರಾಜರ್ಸ್ ಬರುವುದು ಖಚಿತವಾಯಿತು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ನಾಲ್ಕು ಸಲ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ ಆದವನು. ವಯಸ್ಸು 39. ಅಂದು ಸಂಜೆಯೇ ಭಾವನ ಫೋನು. "ನೋಡಿ, ಡಿಫೆನ್ಸ್ ಇದೆ, ಗ್ಯಾರೆಟ್ ವಿಲ್ಸನ್ ಇದಾನೆ, ಸಾಸ್ ಗಾರ್ಡ್ನರ್ ಇದಾನೆ. ಇಲ್ಲದೇ ಇದ್ದದ್ದು ಕ್ವಾರ್ಟರ್‌ಬ್ಯಾಕ್ ಒಬ್ಬನೇ, ಅವನೂ ಬಂದ. ಈಗ ಸೀಸನ್ ಟಿಕೆಟ್ ತಗೊಳ್ಳದಿದ್ದರೆ ಇನ್ನು ಸಿಗಲ್ಲ. ಅರ್ಧ ಅರ್ಧ ಹಾಕೋಣ, ಪಾರ್ಕಿಂಗ್ ಸೇರಿ." ಮಾತಿನಲ್ಲಿ ತಪ್ಪೇನಿರಲಿಲ್ಲ. ಹಿಂದಿನ ವರ್ಷ ಆಫೆನ್ಸಿನ ಶ್ರೇಷ್ಠ ಹೊಸ ಆಟಗಾರ, ಡಿಫೆನ್ಸಿನ ಶ್ರೇಷ್ಠ ಹೊಸ ಆಟಗಾರ, ಎರಡೂ ಪ್ರಶಸ್ತಿ ಈ ತಂಡದ ಹುಡುಗರಿಗೇ ಬಂದಿದ್ದವು. ದುಡ್ಡು ಕಟ್ಟಿದೆವು.

ಪಂದ್ಯಗಳ ಹಂಚಿಕೆ ಆದದ್ದು ವರಮಹಾಲಕ್ಷ್ಮಿ ಹಬ್ಬದ ಊಟ ಮುಗಿಸಿ, ಅವರ ಮನೆಯ ಹಾಲಿನಲ್ಲಿ. ಮೊದಲ ಪಂದ್ಯ ಬಫಲೋ ಬಿಲ್ಸ್ ಮೇಲೆ. ಅದಕ್ಕೆ ಆಫೀಸಿನ ಸ್ನೇಹಿತರನ್ನು ಆಗಲೇ ಕರೆದುಬಿಟ್ಟಿದ್ದರಂತೆ. ಚೀಫ್ಸ್ ಪಂದ್ಯ ಅವರ ಮಗಳಿಗೆ ಬೇಕಂತೆ. ಈಗಲ್ಸ್ ಪಂದ್ಯದ ವಿಷಯ ಕೇಳುವುದೇ ಬೇಡ, ಅದೂ ಅವರಿಗೆ. ಪೇಟ್ರಿಯಟ್ಸ್ ಕೈಲಿ ಸೋಲುವುದನ್ನು ನೋಡಿ ನೋಡಿ ಸಾಕಾಗಿದೆ, ಅದನ್ನು ನೀವೇ ಇಟ್ಟುಕೊಳ್ಳಿ ಅಂದರು. ನವೆಂಬರಿನಲ್ಲಿ ಅವರು ಮೈಸೂರಿಗೆ ಮದುವೆಗೆ ಹೋಗುವವರಿದ್ದರು, ಹಾಗಾಗಿ ಚಾರ್ಜರ್ಸ್, ಡಾಲ್ಫಿನ್ಸ್, ಫಾಲ್ಕನ್ಸ್ ಪಂದ್ಯಗಳೂ ನನಗೆ. ವಾಪಸ್ ಬಂದ ಮೇಲಿನ ಟೆಕ್ಸನ್ಸ್, ವಾಷಿಂಗ್ಟನ್ ಅವರಿಗೆ. ಅತ್ತಿಗೆ ಅದೇ ಹೊತ್ತಿಗೆ ಹೋಳಿಗೆ ಕಟ್ಟಿಕೊಡುತ್ತಿದ್ದರು. ಹೋಳಿಗೆ ಹಿಡಿದುಕೊಂಡವನು ಜಗಳವಾಡುವುದು ಹೇಗೆ?

ಸೆಪ್ಟೆಂಬರ್ 11ರ ರಾತ್ರಿಯದ್ದು ಎಲ್ಲರಿಗೂ ಗೊತ್ತಿರುವುದೇ. ಮೆಟ್‌ಲೈಫ್ ಕ್ರೀಡಾಂಗಣ, ರಾಜರ್ಸ್ ಕೈಯಲ್ಲಿ ಅಮೆರಿಕದ ಬಾವುಟ, ಇಡೀ ಕ್ರೀಡಾಂಗಣ ಎದ್ದುನಿಂತಿತ್ತು. ನಾಲ್ಕನೇ ಸ್ನ್ಯಾಪ್‌ನಲ್ಲಿ ಬಿಲ್ಸ್‌ನ ಲಿಯೊನಾರ್ಡ್ ಫ್ಲಾಯ್ಡ್ ಹಿಡಿದು ಕೆಡವಿದ. ರಾಜರ್ಸ್ ಎದ್ದ, ಒಂದು ಗಳಿಗೆ ನಿಂತ, ಮತ್ತೆ ಹಾಗೇ ಕೂತುಬಿಟ್ಟ. ಎಡಗಾಲಿನ ಹಿಮ್ಮಡಿಯ ಮೇಲಿರುವ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು. ಫ್ಲಾಯ್ಡ್‌ನನ್ನು ತಡೆಯಬೇಕಾಗಿದ್ದವನು 38ರ ಡ್ವೇನ್ ಬ್ರೌನ್. ಆ ಜಾಗಕ್ಕೆ ಒಬ್ಬ ಹರೆಯದ ಆಟಗಾರ ಬೇಕಿತ್ತು. ಆದರೆ ರಾಜರ್ಸ್ ವಿನಿಮಯದಲ್ಲಿ ಜೆಟ್ಸ್, ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟಿನ 13ನೇ ಸ್ಥಾನ ಬಿಟ್ಟುಕೊಟ್ಟು 15ಕ್ಕೆ ಇಳಿದಿತ್ತು. ನಡುವೆ 14ನೇ ಸ್ಥಾನವನ್ನು ಪಿಟ್ಸ್‌ಬರ್ಗ್ ಪಡೆದುಕೊಂಡು ಬ್ರಾಡರಿಕ್ ಜೋನ್ಸ್ ಎಂಬ ಒಳ್ಳೆಯ ಟ್ಯಾಕಲನ್ನು ಎತ್ತಿಕೊಂಡು ಹೋಯಿತು. ಕ್ವಾರ್ಟರ್‌ಬ್ಯಾಕನ್ನು ತಂದ ವ್ಯವಹಾರದಲ್ಲೇ ಅವನ ಕಾವಲುಗಾರ ಕೈತಪ್ಪಿದ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಆ ಪಂದ್ಯವನ್ನು ಜೆಟ್ಸ್ ಗೆದ್ದಿತು ಎನ್ನುವುದು ಬಹಳ ಜನರಿಗೆ ಮರೆತೇಹೋಗಿದೆ. ಡ್ರಾಫ್ಟಿನಲ್ಲಿ ಯಾರೂ ಆರಿಸದಿದ್ದ ಝೇವಿಯರ್ ಗಿಪ್ಸನ್ ಎಂಬ ಹುಡುಗ ಹೆಚ್ಚುವರಿ ಅವಧಿಯಲ್ಲಿ ಎದುರಾಳಿ ಒದ್ದ ಪಂಟ್ ಹಿಡಿದು 65 ಗಜ ಓಡಿ 22–16ಕ್ಕೆ ಮುಗಿಸಿದ. ಮಧ್ಯರಾತ್ರಿ ಭಾವ ಪಾರ್ಕಿಂಗಿನಿಂದ ಫೋನ್ ಮಾಡಿ "ಗೆದ್ವಲ್ಲಾ!" ಅಂತ ಕೂಗಿದರು. ರಾಜರ್ಸ್ ಕಾಲು ಅಂದೆ. "ಅದು ಬರೀ ಉಳುಕಿರಬೇಕು" ಅಂದರು.

ಕಾಲು ಹರಿಯುವುದು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ 39 ವರ್ಷದವನ ಹಿಂದೆ ಯಾರನ್ನು ಕೂರಿಸಬೇಕು ಎನ್ನುವುದು ಜನರಲ್ ಮ್ಯಾನೇಜರ್ ಜೋ ಡಗ್ಲಸ್ ಕೈಯಲ್ಲಿತ್ತು. ಅವರು ಕೂರಿಸಿದ್ದು ಝ್ಯಾಕ್ ವಿಲ್ಸನ್‌ನನ್ನು. 2021ರ ಡ್ರಾಫ್ಟಿನ ಎರಡನೇ ಆಯ್ಕೆ, ಹಿಂದಿನ ವರ್ಷವಷ್ಟೇ ಬೆಂಚಿಗೆ ಹೋಗಿದ್ದವನು. ಕೋಚ್ ರಾಬರ್ಟ್ ಸಾಲೆ ಮಾತ್ರ ಇವನೇ ನಮ್ಮ ಕ್ವಾರ್ಟರ್‌ಬ್ಯಾಕ್ ಎಂದು ಪಟ್ಟು ಹಿಡಿದರು. ಆಫೆನ್ಸ್ ನಡೆಸಲು ಬಂದಿದ್ದ ನಥಾನಿಯಲ್ ಹ್ಯಾಕೆಟ್ ಹಿಂದಿನ ವರ್ಷ ಡೆನ್ವರಿನಲ್ಲಿ ಮುಖ್ಯ ಕೋಚ್ ಆಗಿ ಮೊದಲ ಸೀಸನ್ ಕೂಡ ಮುಗಿಸದೆ ಕೆಲಸ ಕಳಕೊಂಡವರು. ರಾಜರ್ಸ್ ಇದ್ದರೆ ಅವರ ಬಂಡಿ ಓಡುತ್ತಿತ್ತೋ ಏನೋ. ಇನ್ನು ಜೋ ಫ್ಲಾಕೊ. ಹಿಂದಿನ ವರ್ಷದವರೆಗೂ ಇದೇ ತಂಡದಲ್ಲಿದ್ದವನು, ನವೆಂಬರ್ ನಡುವಿನವರೆಗೂ ಕೆಲಸವಿಲ್ಲದೆ ಮನೆಯಲ್ಲಿದ್ದ. ಜೆಟ್ಸ್ ಕರೆಯಲಿಲ್ಲ. ಕ್ಲೀವ್‌ಲ್ಯಾಂಡ್ ಕರೆಯಿತು. ಡಿಸೆಂಬರ್ 28ರಂದು ಅದೇ ಫ್ಲಾಕೊ ಅದೇ ಜೆಟ್ಸನ್ನು 37–20ಕ್ಕೆ ಬಡಿದು ಕ್ಲೀವ್‌ಲ್ಯಾಂಡನ್ನು ಪ್ಲೇಆಫ್‌ಗೆ ಸೇರಿಸಿದ.

ನನ್ನ ಪಾಲಿನ ಪಂದ್ಯಗಳಿಗೆ ಬರುತ್ತೇನೆ. ಪೇಟ್ರಿಯಟ್ಸ್ ಕೈಲಿ 15–10. ಅವರ ಕೈಲಿ ಸತತ ಹದಿನೈದನೇ ಸೋಲದು, ಭಾವ ಬಲು ದೂರದೃಷ್ಟಿಯವರು. ಚಾರ್ಜರ್ಸ್ ಕೈಲಿ 27–6. ಸೋಮವಾರ ರಾತ್ರಿ, ಎಂಟು ಸಲ ಝ್ಯಾಕ್ ವಿಲ್ಸನ್‌ನನ್ನು ನೆಲಕ್ಕೆ ಕೆಡವಿದರು, ಮಾರನೇ ದಿನ ಆಫೀಸು. ಆಮೇಲೆ ಡಾಲ್ಫಿನ್ಸ್.

ಎಲ್ಲರೂ ಸೆಪ್ಟೆಂಬರ್ 11 ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಆ ಸೀಸನ್ನಿನ ಅತಿ ಕೆಟ್ಟ ಗಳಿಗೆ ನವೆಂಬರ್ 24, ಬ್ಲ್ಯಾಕ್ ಫ್ರೈಡೇ. ಥ್ಯಾಂಕ್ಸ್‌ಗಿವಿಂಗ್ ಮರುದಿನ ಎನ್‌ಎಫ್‌ಎಲ್ ಪಂದ್ಯ ಇಟ್ಟದ್ದೇ ಅದು ಮೊದಲು. ವಿಲ್ಸನ್‌ನನ್ನು ಕೊನೆಗೂ ಕೂರಿಸಿ ಟಿಮ್ ಬಾಯ್ಲ್ ಎಂಬವನನ್ನು ಇಳಿಸಿದ್ದರು. ಮಗನನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟೆ. ಪಾರ್ಕಿಂಗಿನಲ್ಲಿ ಪಕ್ಕದವರು ಹಿಂದಿನ ದಿನದ ಟರ್ಕಿ ಬಿಸಿ ಮಾಡುತ್ತಿದ್ದರು, ನಾವು ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಗೊಜ್ಜಿನ ವಾಸನೆಗೆ ಬಂದು ಒಬ್ಬರು ರುಚಿ ನೋಡಿ ಇನ್ನೊಂದು ತಟ್ಟೆ ಹಾಕಿಸಿಕೊಂಡರು. ಆ ದಿನದ ಸುಖ ಅಷ್ಟೇ.

ಒಳಗೆ ಹೋದರೆ ಗಾಳಿ ಕೊರೆಯುತ್ತಿತ್ತು. ಮಯಾಮಿ ಡಾಲ್ಫಿನ್ಸ್ 10–0 ಮುಂದೆ ಹೋಯಿತು. ಮೊದಲರ್ಧ ಮುಗಿಯುವ ಹೊತ್ತಿಗೆ ನಮ್ಮ ಬ್ರ್ಯಾಂಡಿನ್ ಎಕೋಲ್ಸ್ ಅವರ ಎಸೆತ ಕಸಿದು ಸೀದಾ ಟಚ್‌ಡೌನ್ ಮಾಡಿದ. ಹೆಚ್ಚುವರಿ ಅಂಕದ ಒದೆತ ತಪ್ಪಿತು, ತಪ್ಪಲಿ, 10–6. ಸೀಸನ್ನಿನಲ್ಲಿ ಮೊದಲ ಸಲ ನಾನು ಎದ್ದುನಿಂತು ಕೂಗಿದೆ. ಅಷ್ಟರಲ್ಲಿ ಡಿ.ಜೆ. ರೀಡ್ ಇನ್ನೊಂದು ಎಸೆತ ಕಸಿದ. ಗಡಿಯಾರದಲ್ಲಿ ಉಳಿದದ್ದು ಎರಡು ಸೆಕೆಂಡು. ಮಂಡಿಯೂರಿ ಒಳಗೆ ಹೋಗಬಹುದಿತ್ತು. ನಾಲ್ಕೇ ಅಂಕದ ಅಂತರ, ದ್ವಿತೀಯಾರ್ಧ ಪೂರ್ತಿ ಮುಂದಿದೆ. ಆದರೆ ಬಾಯ್ಲ್ ಕೈಲಿ ಹೇಲ್ ಮೇರಿ ಎಸೆಸಿದರು, ಅಂದರೆ ದೇವರೇ ಗತಿ ಅಂತ ಎಂಡ್‌ಝೋನ್ ಕಡೆಗೆ ಎತ್ತರಕ್ಕೆ ಒಂದು ಎಸೆತ.

ಚೆಂಡು ದೀಪಗಳ ಎತ್ತರಕ್ಕೆ ಹೋಯಿತು. ಮಗ ಸೀಟಿನ ಮೇಲೆ ಹತ್ತಿ ನಿಂತಿದ್ದ. ಕೆಳಗೆ ಗುಂಪು, ಗುಂಪಿನ ಮೇಲೆ ಕೈಗಳು, ಅದರಲ್ಲಿ ಒಂದು ಜೋಡಿ ಮಯಾಮಿಯ ಜೆವೊನ್ ಹಾಲಂಡ್‌ನದು. ಒಂದು ಗಜದ ಗೆರೆಯ ಹತ್ತಿರ ಹಿಡಿದ. ಸರಿ, ಕಸಿದ, ಮೊದಲರ್ಧ ಮುಗಿಯಿತು ಅಂದುಕೊಂಡೆವು. ನಮ್ಮ ಸಾಲಿನವರು ಆಗಲೇ ಬಾತ್‌ರೂಮಿನ ಕಡೆಗೆ ತಿರುಗಿದ್ದರು. ನಾನು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದೆ. ಮಗ ಅಂದ, "ಅಪ್ಪಾ, ಅವನು ಓಡ್ತಾನೇ ಇದಾನೆ."

ಗಡಿಯಾರ ಸೊನ್ನೆಯಾದರೂ ಹಿಡಿದವನು ಬೀಳುವವರೆಗೆ ಆಟ ನಿಲ್ಲುವುದಿಲ್ಲ. ಹಾಲಂಡ್ ಬೀಳಲೇ ಇಲ್ಲ. ಇಪ್ಪತ್ತು ಗಜ, ನಲವತ್ತು ಗಜ. ಅವನ ಹಿಂದೆ ಬಿದ್ದವರಲ್ಲಿ ನಮ್ಮ ಲೈನಿನ ಭಾರಿ ಆಳುಗಳೂ ಇದ್ದರು, ತಳ್ಳುವುದಕ್ಕೆ ಬೆಳೆಸಿದ ಮೈ, ಅಟ್ಟಿಸಿಕೊಂಡು ಹೋಗುವುದಕ್ಕಲ್ಲ. ಮೆಟ್ಟಿಲ ಮೇಲಿದ್ದ ಜನ ಬೆನ್ನು ತಿರುಗಿಸಿ ನಿಂತುಬಿಟ್ಟರು. ಅವನ ಜೊತೆಯವರು ಮದುವೆ ದಿಬ್ಬಣದಂತೆ ಸುತ್ತುವರಿದು ಅವನನ್ನು ಗೆರೆ ದಾಟಿಸಿದರು. 99 ಗಜ. ನೇಮತ್‌ನ 12ನೇ ನಂಬರಿನ ಹಳೇ ಜೆರ್ಸಿ ತೊಟ್ಟ ಮುದುಕರೊಬ್ಬರು ಮುಂದಿನ ಸಾಲಿನಲ್ಲಿದ್ದರು. ಟೊಪ್ಪಿ ತೆಗೆದು ಸೀಟಿನ ಮೇಲಿಟ್ಟು, ಯಾರಿಗೂ ಏನೂ ಹೇಳದೆ ಎದ್ದು ಹೋದರು. ಮೂರನೇ ಕ್ವಾರ್ಟರಿನಲ್ಲಿ ಬಂದು ಟೊಪ್ಪಿ ಮಾತ್ರ ತಗೊಂಡು ಮತ್ತೆ ಹೋದರು. ಅಂಕ ಫಲಕದಲ್ಲಿ 17–6.

ಆಗ ಫೋನು ನಡುಗಿತು. ಮೈಸೂರಿನಲ್ಲಿ ಬೆಳಗಿನ ಜಾವ. ಭಾವ ವಾಟ್ಸಾಪ್‌ನಲ್ಲಿ ಬರೆದಿದ್ದರು: "ಇಲ್ಲಿ ನೆಟ್ ಸ್ಲೋ. ಹೇಲ್ ಮೇರಿ ಎಸೆಯೋ ಹಾಗಿದೆ. ನೀವು ಅದೃಷ್ಟವಂತರು, ಅಲ್ಲೇ ಇದೀರಿ!" ಇದಕ್ಕೆ ನಾನು ಈವರೆಗೂ ಉತ್ತರ ಬರೆದಿಲ್ಲ.

ಪಂದ್ಯ 34–13ಕ್ಕೆ ಮುಗಿಯಿತು. ನಾಲ್ಕನೇ ಕ್ವಾರ್ಟರಿನಲ್ಲಿ ಮಯಾಮಿಯ ಜೇಲನ್ ಫಿಲಿಪ್ಸ್ ಯಾರೂ ಮುಟ್ಟದೆಯೇ ಕುಸಿದ. ಅವನಿಗೂ ಅಕಿಲೀಸ್, ಅದೇ ಕೃತಕ ಹುಲ್ಲಿನ ಮೇಲೆ. ಅಸಲಿ ಹುಲ್ಲು ಬೇಕೆಂದು ಆಟಗಾರರ ಸಂಘ ವರ್ಷಗಳಿಂದಲೇ ಕೇಳುತ್ತಿತ್ತು. 2026ರ ಫಿಫಾ ವಿಶ್ವಕಪ್‌ಗೆ ಇದೇ ಮೈದಾನಕ್ಕೆ ಹುಲ್ಲು ಹಾಸಲು ಒಪ್ಪಿದರು. ನಮ್ಮವರ ಕಾಲಿಗೆ ಮಾತ್ರ ಪ್ಲಾಸ್ಟಿಕ್ಕು. ಎಲ್ಲ ತಪ್ಪನ್ನೂ ಹುಲ್ಲಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಅಕ್ಟೋಬರಿನಲ್ಲಿ ನಮ್ಮ ಅಲೀಜಾ ವೆರಾ-ಟಕರ್ ಅದೇ ಸ್ನಾಯುರಜ್ಜು ಹರಿದುಕೊಂಡದ್ದು ಡೆನ್ವರಿನಲ್ಲಿ, ಅಲ್ಲಿನದು ಅಸಲಿ ಹುಲ್ಲೇ.

ಫಾಲ್ಕನ್ಸ್ ಕೈಲಿ 13–8. ನಮ್ಮವರದು ಒಂದೂ ಟಚ್‌ಡೌನ್ ಇಲ್ಲ, ಮಳೆ ಬೇರೆ. ನನ್ನ ಪಾಲಿನ ಪಂದ್ಯಗಳಲ್ಲಿ ಜೆಟ್ಸ್ ಗಳಿಸಿದ್ದು ಒಟ್ಟು 37 ಅಂಕ, ಗೆಲುವು ಸೊನ್ನೆ. ಭಾವನ ಪಾಲಿನಲ್ಲಿ ಬಿಲ್ಸ್, ಈಗಲ್ಸ್, ಟೆಕ್ಸನ್ಸ್, ವಾಷಿಂಗ್ಟನ್, ಎಲ್ಲ ಗೆಲುವು. ಈಗಲ್ಸನ್ನು ಜೆಟ್ಸ್ ಇತಿಹಾಸದಲ್ಲೇ ಸೋಲಿಸಿದ್ದು ಅದು ಮೊದಲು. ಸೋತದ್ದು ಚೀಫ್ಸ್ ಕೈಲಿ ಮಾತ್ರ, ಅವತ್ತು ಟೇಲರ್ ಸ್ವಿಫ್ಟ್ ಬಂದಿದ್ದಳು, ಅವರ ಮಗಳಿಗೆ ಸೋಲು ಗೊತ್ತೇ ಆಗಲಿಲ್ಲ. ಈಗಲೂ ಹಬ್ಬದ ಊಟಕ್ಕೆ ಸೇರಿದಾಗ "ಅಷ್ಟೇನೂ ಕೆಟ್ಟ ಸೀಸನ್ ಅಲ್ಲ ಬಿಡಿ" ಅನ್ನುತ್ತಾರೆ. 7 ಗೆಲುವು, 10 ಸೋಲು.

ಹೊಸಬರಿಗೆ ನನ್ನ ಸಲಹೆ ಹೆಚ್ಚೇನಿಲ್ಲ. ಏಪ್ರಿಲಿನಲ್ಲಿ ಯಾರು ಬಂದರೂ ದುಡ್ಡು ಕಟ್ಟಬೇಡಿ. ಸೀಸನ್ ಟಿಕೆಟ್ಟಿನಲ್ಲಿ ಆಗಸ್ಟಿನ ಅಭ್ಯಾಸ ಪಂದ್ಯಕ್ಕೂ ದುಡ್ಡು ಹಿಡಿಯುತ್ತಾರೆ. ತಂಡ ಸೋಲತೊಡಗಿದ ಮೇಲೆ ಪಂದ್ಯದ ವಾರದಲ್ಲಿ ಬಿಡಿ ಟಿಕೆಟ್ ನಾವು ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಕ್ವಾರ್ಟರ್‌ಬ್ಯಾಕ್ ಹೆಸರು ಕೇಳುವ ಮೊದಲು ಅವನ ಹಿಂದೆ ಕೂತವನ ಹೆಸರು ಕೇಳಿ. ಜೆಟ್ಸ್–ಜೈಂಟ್ಸ್ ಪಂದ್ಯ ಅದೇ ಮೈದಾನದಲ್ಲಾದರೂ ಆತಿಥೇಯರು ಜೈಂಟ್ಸ್ ಆಗಿದ್ದರೆ ನಮ್ಮ ಟಿಕೆಟ್ ನಡೆಯುವುದಿಲ್ಲ. ಬ್ಯಾಗು ಪಾರದರ್ಶಕ ಪ್ಲಾಸ್ಟಿಕ್ಕಿನದ್ದೇ ಆಗಬೇಕು. ನವೆಂಬರಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ.

ಮುಂದಿನ ವರ್ಷವೂ ಭಾವ ಕರೆದರು, ರಾಜರ್ಸ್ ಕಾಲು ವಾಸಿಯಾಗಿದೆ ಅಂತ. ನಾನು ಹೋಗಲಿಲ್ಲ. 2024ರಲ್ಲಿ ಸಾಲೆಯನ್ನು ಐದು ಪಂದ್ಯಕ್ಕೇ ಮನೆಗೆ ಕಳಿಸಿದರು, ನವೆಂಬರಿನಲ್ಲಿ ಡಗ್ಲಸ್ ಹೋದರು, ಸೀಸನ್ 5–12ಕ್ಕೆ ಮುಗಿಯಿತು. ರಾಜರ್ಸ್ ಈಗ ಜೆಟ್ಸ್‌ನಲ್ಲಿಲ್ಲ. ಭಾವನ ಟಿಕೆಟ್ ಮಾತ್ರ ಹಾಗೇ ಇದೆ, ಅರ್ಧ ಪಾಲಿಗೆ ಜನ ಹುಡುಕುತ್ತಿದ್ದಾರಂತೆ. ಎಡಿಸನ್ ಸುತ್ತಮುತ್ತಲ ಕನ್ನಡಿಗರೇ, ನಿಮಗೂ ಫೋನ್ ಬರಬಹುದು. ಒಪ್ಪಿಕೊಳ್ಳುವುದಾದರೆ ಹಂಚಿಕೆಯನ್ನು ಊಟಕ್ಕೆ ಮೊದಲೇ ಮಾಡಿ, ಬರೆದಿಟ್ಟುಕೊಳ್ಳಿ. ಭಾವ, ಇದನ್ನು ನೀವೇ ಓದುತ್ತಿದ್ದರೆ, 2023ರ ಪಾರ್ಕಿಂಗ್ ಪೂರ್ತಿ ಕಟ್ಟಿದವನು ನಾನು. ನಿಮ್ಮ ಅರ್ಧ ಇನ್ನೂ ಬಂದಿಲ್ಲ.