ಬೀರೂರಿನ ಒಂದು ಸಂಖ್ಯೆ

ಚಿಕ್ಕಮಗಳೂರು ಜಿಲ್ಲೆಯ ಬೀರೂರು ರೈಲು ಮಾರ್ಗಗಳು ಸೇರುವ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಮಾರ್ಗದಿಂದ ಶಿವಮೊಗ್ಗದ ಮಾರ್ಗವು ಇಲ್ಲಿಯೇ ಕವಲೊಡೆಯುತ್ತದೆ. ಈ ಊರಿಗೆ ಬರುವ ಪತ್ರಗಳ ಮೇಲೆ 577116 ಎಂಬ ಸಂಖ್ಯೆ ಇರುತ್ತದೆ. ಇದು ಬೀರೂರಿನ ಅಂಚೆ ಸೂಚ್ಯಂಕ.

ನಮ್ಮ ದೇಶದಲ್ಲಿ ಭಾಷೆಗಳೂ ಲಿಪಿಗಳೂ ಹಲವು. ಒಂದೇ ಹೆಸರಿನ ಊರುಗಳೂ ಅನೇಕ. ಇದರಿಂದ ಉಂಟಾಗುವ ತೊಡಕನ್ನು ನೀಗಲು 1972ರ ಆಗಸ್ಟ್ 15ರಂದು ಆರು ಅಂಕಿಗಳ ಈ ಪದ್ಧತಿಯು ಜಾರಿಗೆ ಬಂದಿತು. ಇದರ ರೂವಾರಿ ಶ್ರೀರಾಮ್ ಭಿಕಾಜಿ ವೇಲಣಕರ್. ಮೊದಲ ಮೂರು ಅಂಕಿಗಳು ಪತ್ರಗಳನ್ನು ವಿಂಗಡಿಸುವ ಪ್ರದೇಶವನ್ನೂ ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ.

ಈ ಸಂಖ್ಯೆಯನ್ನು ಊರಿಗೆ ಕೊಟ್ಟವರು ಮನುಷ್ಯರು. ಆದರೆ ಅದರ ಗುಣಗಳನ್ನು ಯಾರೂ ಕೊಟ್ಟದ್ದಲ್ಲ. ಅವುಗಳನ್ನು ಪರೀಕ್ಷಿಸೋಣ. ಕೊನೆಯ ಎರಡು ಅಂಕಿಗಳಾದ 16, 4ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ 4ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 27; ಆದ್ದರಿಂದ ಅದು 9ರಿಂದಲೂ ಭಾಗವಾಗುತ್ತದೆ. 36ರಿಂದ ಭಾಗಿಸಿದಾಗ 16031 ದೊರೆಯುತ್ತದೆ. ಇದನ್ನು 5, 7, 11, 13 ಭಾಗಿಸಲಾರವು. 17 ಭಾಗಿಸಿ 943ನ್ನು ಕೊಡುತ್ತದೆ. 31ರ ವರ್ಗವಾದ 961, 943ಕ್ಕಿಂತ ಹೆಚ್ಚು. ಆದುದರಿಂದ 31ಕ್ಕಿಂತ ಕಡಿಮೆಯಾದ ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. 23ರಿಂದ ಭಾಗಿಸಿದಾಗ 41 ಉಳಿಯುತ್ತದೆ. ಹೀಗೆ,

577116 = 2 × 2 × 3 × 3 × 17 × 23 × 41.

ಯಾರು, ಯಾವ ಕ್ರಮದಲ್ಲಿ ಬಿಡಿಸಿದರೂ ದೊರೆಯುವ ಅವಿಭಾಜ್ಯಗಳು ಇವೇ. ಒಂದಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣಸಂಖ್ಯೆಗೂ ಇಂತಹ ರಚನೆ ಒಂದೇ ಒಂದು. ಈ ತತ್ತ್ವವನ್ನು ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ ಸ್ಪಷ್ಟವಾಗಿ ಸಾಧಿಸಿ ತೋರಿಸಿದನು.

ಇನ್ನು ಒಂದು ತಪ್ಪನ್ನು ಊಹಿಸೋಣ. ವಿಳಾಸ ಬರೆಯುವವರು ನಡುವಣ 7 ಮತ್ತು 1ನ್ನು ಅದಲುಬದಲು ಮಾಡಿ 571716 ಎಂದು ಬರೆದರೆನ್ನಿ. 571 ಮೈಸೂರು, ಮಂಡ್ಯಗಳ ಕಡೆಯ ಸೂಚನೆ. ಕೆಲಸದ ಕರೆಪತ್ರವಾಗಲಿ, ರೋಗಿಯ ವರದಿಯಾಗಲಿ, ದಾರಿ ತಪ್ಪಿ ತಡವಾಗಬಹುದು. ಅಂಕಿಗಳ ಮೊತ್ತ ಆಗಲೂ 27 ಆಗಿರುವುದರಿಂದ 9ರ ಪರೀಕ್ಷೆಯು ಈ ತಪ್ಪನ್ನು ಹಿಡಿಯಲಾರದು. 4ರ ಪರೀಕ್ಷೆಯೂ ಅಷ್ಟೇ. ಆದರೆ 17ರಿಂದ ಭಾಗಿಸಿದರೆ 6 ಶೇಷ ಉಳಿಯುತ್ತದೆ. ಹೊರಗಿನ ಲಕ್ಷಣಗಳು ಹೊಂದಿಕೊಂಡರೂ ಒಳಗಿನ ರಚನೆ ಬೇರೆಯಾಗಿದೆ.

ಒಂದೆರಡು ಗುರುತುಗಳು ಕೂಡಿಬಂದ ಮಾತ್ರಕ್ಕೆ ಎರಡು ವಸ್ತುಗಳು ಒಂದೇ ಎಂದು ತೀರ್ಮಾನಿಸಬಾರದು. ಕೊನೆಯವರೆಗೂ ಪರೀಕ್ಷಿಸುವ ತಾಳ್ಮೆಯೇ ಗಣಿತವು ಕಲಿಸುವ ಮೊದಲ ಶಿಸ್ತು.

ಅಭ್ಯಾಸ

1. ಅಂಚೆ ಸೂಚ್ಯಂಕ ಪದ್ಧತಿಯು ಏಕೆ ಅಗತ್ಯವಾಯಿತು?
2. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ 9ರ ಪರೀಕ್ಷೆಯು ಅದನ್ನು ಏಕೆ ಹಿಡಿಯಲಾರದು?
3. ಕಡೂರಿನ ಸೂಚ್ಯಂಕ 577548. ಇದರ ಮತ್ತು ಬೀರೂರಿನ ಸೂಚ್ಯಂಕದ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯಿರಿ.